ಬಲಗಿವಿಯ ಕಡೆ ನಿಂತು

ನಾರಾಯಣಗೂಡದ ಮನೆಯ ಅಡುಗೆಕೋಣೆಗೆ ಮೂಡಣದಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಬೆಳಿಗ್ಗೆ ನಾನು ರೊಟ್ಟಿಗೆ ಕೂತಾಗ ಅದರೊಳಗಿಂದ ಬಿಸಿಲಿನ ಒಂದು ಪಟ್ಟಿ ಇಳಿದು ಬರುತ್ತಿತ್ತು, ಜೋಳದ ಹಿಟ್ಟಿನ ಧೂಳು ಅದರಲ್ಲಿ ತೇಲುತ್ತಿತ್ತು. ಪಲ್ಲವಿ, ನೀನು ಆಗ ಇನ್ನೂ ಶಾಲೆಗೆ ಹೋಗದ ಕೂಸು. ಆ ಧೂಳನ್ನು ಮುಷ್ಟಿಯಲ್ಲಿ ಹಿಡಿದು ಓಡಿ ಬಂದು ನನ್ನ ಮುಂದೆ ಬೆರಳು ಬಿಚ್ಚುತ್ತಿದ್ದೆ. ಒಳಗೆ ಏನೂ ಇರುತ್ತಿರಲಿಲ್ಲ. ಆದರೂ ಮತ್ತೆ ಹಿಡಿಯಲು ಓಡುತ್ತಿದ್ದೆ. ಕಾರ್ತಿಕ, ನೀನು ನನ್ನ ತೊಡೆಗೆ ಒರಗಿ ಹಿಟ್ಟಿನ ಪರಾತದೊಳಗೆ ಕೈ ಹಾಕಿ ಕೂತಿರುತ್ತಿದ್ದೆ. ಆ ಮನೆಯನ್ನು ನೆನೆದಾಗ ನನಗೆ ಮೊದಲು ಕಾಣುವುದು ಆ ಬಿಸಿಲ ಪಟ್ಟಿ. ಅದರ ಆಚೆ, ಹೊಸ್ತಿಲ ಮೇಲೆ, ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು ನಿಂತವರು ನನ್ನ ಯಜಮಾನರು, ನಿಮ್ಮ ಮುತ್ಯಾ.

ಅವರು ಹೋದ ಮೇಲೆ ಕನ್ನಡ ಸಂಘದವರು ಸಭೆ ಸೇರಿಸಿದರು. ಸೈನಿಕರಾಗಿದ್ದರು, ವಕೀಲರಾಗಿದ್ದರು, ಸಮಾಜಕ್ಕಾಗಿ ದುಡಿದರು ಎಂದು ಬಂದವರೆಲ್ಲ ಚೆನ್ನಾಗಿ ಮಾತಾಡಿದರು. ನನ್ನನ್ನೂ ಎರಡು ಮಾತು ಹೇಳಿ ಎಂದು ಕರೆದರು. ನಾನು ಎದ್ದು ನಿಂತೆ, ಕೈ ಮುಗಿದೆ, ಕೂತುಬಿಟ್ಟೆ. ನೀವಿಬ್ಬರೂ ನನ್ನ ಮುಖ ನೋಡಿದ್ದು ನನಗೆ ಗೊತ್ತಾಯಿತು. ಮಾರನೆಯ ವಾರ ಕಾರ್ತಿಕ ಒಂದು ಕಟ್ಟು ಬಿಳಿ ಹಾಳೆ ತಂದು, ಆಡಲು ಆಗದಿದ್ದರೆ ಬರೆದುಕೊಡು ಆಯಿ ಎಂದ. ನಾನು ಕಲಿತದ್ದು ಭೀಮಾ ದಂಡೆಯ ನಮ್ಮ ಹಳ್ಳಿಯಲ್ಲಿ, ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಶಾಲೆಯಲ್ಲಿ. ಮಳೆ ಬಂದರೆ ಶಾಲೆ ಬಿಡುತ್ತಿತ್ತು. ಸಭೆಯ ಮಾತು ನನಗೆ ಬಾರದು. ನೀವು ಚಿಕ್ಕವರಾಗಿ ಆಡಿದ ಮನೆಯ ಮಾತು ಬರೆಯುತ್ತೇನೆ. ಅವರು ಎಂಥವರಿದ್ದರು ಎಂಬುದು ಅದರಲ್ಲೇ ಬರುತ್ತದೆ.

ಮನೆಯೆಂದರೆ ಸಾಲಾಗಿ ಮೂರು ಕೋಣೆ, ಮುಂದೆ ಓಣಿ, ಹಿಂದೆ ನಲ್ಲಿಯ ಕಟ್ಟೆ, ಮೇಲೆ ಮಾಳಿಗೆ. ಓಣಿಯ ತುಂಬ ಕೋಚಿಂಗ್ ಸೆಂಟರುಗಳು ಎದ್ದಿದ್ದ ಕಾಲ ಅದು. ನಿನ್ನೆ ಹಪ್ಪಳ ಒಣಗುತ್ತಿದ್ದ ಮನೆಯ ಮೇಲೆ ಇವತ್ತು ಕಂಪ್ಯೂಟರ್ ಕಲಿಸುವ ಬೋರ್ಡು ಏರುತ್ತಿತ್ತು. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ನಮ್ಮ ಕಟ್ಟೆಯ ಮೇಲೆ ಕೂತು ತೆಲುಗಿನಲ್ಲಿ ಗುನುಗುತ್ತ ಪಾಠ ಬಾಯಿಪಾಠ ಮಾಡುತ್ತಿದ್ದರು. ಅದು ದೂರದ ಭಜನೆಯಂತೆ ಒಳಗೆ ಕೇಳುತ್ತಿತ್ತು. ನಿಮ್ಮ ಅವ್ವ ಸುವರ್ಣ, ಮೈಸೂರಿನಿಂದ ಬಂದ ನಿಮ್ಮ ಅಪ್ಪ ಪ್ರಶಾಂತ, ಇಬ್ಬರಿಗೂ ಊರ ಅಂಚಿನ ಗಾಜಿನ ಕಟ್ಟಡಗಳಲ್ಲಿ ಕೆಲಸ. ಕಂಪನಿಯ ಬಿಳಿ ಗಾಡಿ ಓಣಿಯ ಬಾಯಲ್ಲಿ ಹಾರ್ನ್ ಹಾಕಿದರೆ ಸುವರ್ಣ ಅರ್ಧ ರೊಟ್ಟಿ ಬಾಯಲ್ಲಿಟ್ಟುಕೊಂಡು, ನಿಮ್ಮ ತಲೆ ಸವರಿ ಓಡುತ್ತಿದ್ದಳು. ಆಮೇಲೆ ಮನೆ ನಮ್ಮ ನಾಲ್ವರದು.

ಮುಂದಿನ ಕೋಣೆ ಮುತ್ಯಾನ ಕಚೇರಿ. ಒಂದು ಬೆಂಚು, ಕಾನೂನಿನ ಪುಸ್ತಕಗಳ ಕಪಾಟು, ಮೊಳೆಗೆ ನೇತುಹಾಕಿದ ಕರೀ ಕೋಟು, ದಂಡಿನಿಂದ ತಂದ ಕಪ್ಪು ತಗಡಿನ ಟ್ರಂಕು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಅವರ ಹೆಸರು. ಪಲ್ಲವಿ ಅಕ್ಷರ ಕಲಿತದ್ದು ಆ ಹೆಸರಿನಿಂದಲೇ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ ಮುಗಿಸಿ, ಒಳಗೆ ಕೂಗುತ್ತಿದ್ದಳು.

"ಆಯಿ, ಈಗ ನೀ ಓದು."

"ನನಗ ಇಂಗ್ಲಿಷ್ ಬರಂಗಿಲ್ಲವ್ವಾ."

"ಕನ್ನಡದಾಗ ಹೇಳು ಹಂಗಾರ. ಮುತ್ಯಾನ ಹೆಸರೇನು?"

"ಹಾಲು ಉಕ್ಕಾಕತ್ತೈತಿ ನೋಡು," ಎಂದು ನಾನು ಅಡುಗೆಕೋಣೆಗೆ ನಡೆಯುತ್ತಿದ್ದೆ. ಮುಂದಿನ ಕೋಣೆಯಿಂದ ಅವರು ನಗುವುದು ಕೇಳುತ್ತಿತ್ತು.

ನಿಮ್ಮ ಕಾಲದವರಿಗೆ ಇದು ವಿಚಿತ್ರ ಎನಿಸಬಹುದು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಅತ್ತೆ ಮಾವನ ಹೆಸರೂ ಇಲ್ಲ. ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯವೋ, ಬರೀ ನಾಚಿಕೆಯೋ, ನಾನು ಯಾರನ್ನೂ ಕೇಳಿದವಳಲ್ಲ. ಹೇಳಲು ಇದ್ದ ದಾರಿ ಒಂದೇ, ಒಡಪು. ಮದುವೆಯಾಗಿ ಬಂದ ದಿನ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸುತ್ತಾರೆ. ಪ್ರಾಸ ಕಟ್ಟಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ. ಆಮೇಲೆ ಸೀಮಂತ, ತೊಟ್ಟಿಲು ಎಂದು ಹೆಂಗಸರು ಕೂಡಿದಾಗೆಲ್ಲ "ಒಡಪು ಹೇಳು" ಎಂದು ಕಾಡುತ್ತಾರೆ. ಗಂಡ ಹೋದವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಹೊಸ್ತಿಲಲ್ಲಿ ಹೇಳಿದ್ದು ಎಷ್ಟು ಮೆಲ್ಲಗೆ ಎಂದರೆ, ಪಕ್ಕದಲ್ಲಿ ನಿಂತಿದ್ದ ನಮ್ಮ ಅತ್ತೆ "ಕೇಳಿಸ್ತು ಕೇಳಿಸ್ತು, ಪಾಪ, ಒಳಗ ಬಿಡ್ರಿ" ಎಂದು ನನ್ನನ್ನು ಉಳಿಸಿದರು. ಆಮೇಲೆ ಯಾರು ಎಷ್ಟು ಕಾಡಿದರೂ ನಾನು ಬಾಯಿ ಬಿಡಲಿಲ್ಲ.

ನಿಮ್ಮ ಮುತ್ಯಾನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಯುದ್ಧದಲ್ಲಿ ತೋಪಿನ ಸದ್ದಿಗೆ ಅದು ಹೋಗಿತ್ತು. ದಂಡಿನಿಂದ ಬಂದ ಮೇಲೆ ಹಗಲು ಬಾಲಾನಗರದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿದ್ದು, ಸಂಜೆ ನಾರಾಯಣಗೂಡದ ಕಾಲೇಜಿನಲ್ಲಿ ಕಾನೂನು ಓದಿದರು. ತರಗತಿಯಲ್ಲಿ ಎಡ ಮೂಲೆಯಲ್ಲಿ, ಬಲಗಿವಿ ಮೇಷ್ಟ್ರ ಕಡೆ ಬರುವಂತೆ ಕೂರುತ್ತಿದ್ದರಂತೆ. ತಮ್ಮ ಮಕ್ಕಳ ವಯಸ್ಸಿನ ಹುಡುಗರ ಜೊತೆ ಪರೀಕ್ಷೆ ಬರೆದು ವಕೀಲರಾದರು. ಓಣಿಯವರಿಗೆ ಅವರು ಸುಬೇದಾರ್ ಗಾರು, ಕೋರ್ಟಿನವರಿಗೆ ವಕೀಲ್ ಸಾಬ್. ಹೆಸರಿನ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ. "ಕೇಳಿಸ್ತದೇನ್ರಿ" ಎಂದು ಬಲಗಡೆಯಿಂದ ಅಂದರೆ ತಿರುಗುತ್ತಿದ್ದರು.

ಕೋರ್ಟಿಗೆ ಹೋಗುವ ಮುಂಚೆ ಅವರಿಗೆ ಒಂದು ರೂಢಿ ಇತ್ತು. ಆ ದಿನ ಹೇಳಬೇಕಾದ ಕೇಸನ್ನು ಅಡುಗೆಕೋಣೆಯ ಹೊಸ್ತಿಲ ಮೇಲೆ ನಿಂತು ಮೊದಲು ನನಗೆ ಹೇಳುವುದು. ನಾನು ಮಾತಾಡುತ್ತಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದೆ. ಅವರು ಬಲಗಿವಿಯನ್ನು ನನ್ನ ಕಡೆ ಕೊಟ್ಟು, ತಾವು ಹೇಳುತ್ತಲೇ ರೊಟ್ಟಿಯ ಸದ್ದು ಕೇಳುತ್ತಿದ್ದರು. ಹೇಳಿದ್ದರಲ್ಲಿ ಎಲ್ಲಾದರೂ ತೂತಿದ್ದರೆ ನನಗೆ ತಿಳಿಯದೆಯೇ ನನ್ನ ಕೈ ನಿಲ್ಲುತ್ತಿತ್ತಂತೆ. ನಿಂತ ಕೂಡಲೇ ಅವರೂ ನಿಲ್ಲಿಸುತ್ತಿದ್ದರು. ಒಮ್ಮೆ ಒಬ್ಬ ಸೈನಿಕನ ಹೆಂಡತಿಯ ಪಿಂಚಣಿ ನಿಂತಿತ್ತು. ಗಂಡ ಸತ್ತ ಮೇಲೆ ಬೇರೆಯವನ ಮನೆ ಸೇರಿದ್ದಾಳೆ ಎಂದು ಯಾರೋ ಅರ್ಜಿ ಹಾಕಿದ್ದರು.

"ಆಕಿ ಇರೋದು ಮೈದುನನ ಮನ್ಯಾಗ. ಊರ ಗೌಡ ಸಾಕ್ಷಿ ಹೇಳ್ತಾನ, ಪೋಸ್ಟಮಾಸ್ತರ ಹೇಳ್ತಾನ," ಎಂದು ಅವರು ಹೇಳುತ್ತಿದ್ದರು. ನನ್ನ ಕೈ ನಿಂತಿತು.

"ಯಾಕ?"

"ಏನಿಲ್ರಿ."

"ಕೈ ನಿಂತತಿ. ಏನೋ ಐತಿ. ಹೇಳು."

"ಮೈದುನನ ಹೆಂಡ್ತಿ ಏನಂತಾಳ್ರಿ?"

ಅವರು ಚೌಕಟ್ಟಿನಿಂದ ಕೈ ತೆಗೆದರು. "ಗೌಡನ್ನ ಕಟಗೊಂಡು ಏನ್ ಮಾಡ್ಲಿ. ಖರೇ ಸಾಕ್ಷಿ ಒಲೀ ಮುಂದ ಕುಂತಾಳ," ಎಂದು ಟೋಪಿ ಹಾಕಿಕೊಂಡು ಹೊರಟರು. ನೆಗೆಣ್ಣಿ ಬಂದು ಕೋರ್ಟಿನಲ್ಲಿ, ಇವಳು ನನ್ನ ಅಕ್ಕ, ನನ್ನ ಪಕ್ಕದಲ್ಲೇ ಮಲಗುತ್ತಾಳೆ ಎಂದಳಂತೆ. ಆಮೇಲೆ ನೆಗೆಣ್ಣಿಯರಿಬ್ಬರೂ ನಮ್ಮ ಮನೆಗೆ ಬಂದು ಶೇಂಗಾ ಹಿಂಡಿ, ರೊಟ್ಟಿ ತಿಂದು, ಮಧ್ಯದ ಕೋಣೆಯಲ್ಲಿ ನಿಮ್ಮ ಜೊತೆ ನಿದ್ದೆ ಹೋದರು. ಮನೆಯಲ್ಲಿ ಯಾವಾಗಲೂ ಹೀಗೆ ಯಾರೋ ಮಲಗಿರುತ್ತಿದ್ದರು. ಎದ್ದಾಗ ಅವರ ಹೆಸರು ಕೇಳಿ ತಿಳಿಯಬೇಕಾಗುತ್ತಿತ್ತು.

ಮಾಳಿಗೆಯ ಮೇಲೆ ಬಿದಿರಿನ ಗಳಗಳು, ಹಗ್ಗದ ಸುರುಳಿ, ಒಂದು ಅಗಲವಾದ ಮಣೆ ಇದ್ದುದು ನಿಮಗೆ ನೆನಪಿರಬೇಕು. ನೀವು ಅದರ ಮೇಲೆ ಕೂತು ರಾಜ ರಾಣಿ ಆಡುತ್ತಿದ್ದಿರಿ. ಅದು ಏನೆಂದು ನಾವು ಹೇಳಿರಲಿಲ್ಲ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ ಒಯ್ದು, ಎಡಗೈಯಲ್ಲಿ ಲಿಂಗ ಕೊಟ್ಟು, ಕೂತ ಹಾಗೇ ಮಣ್ಣು ಮಾಡುತ್ತೇವೆ. ಊರುಗಳಲ್ಲಾದರೆ ಇದು ಎಲ್ಲರಿಗೂ ಗೊತ್ತು. ಹೈದರಾಬಾದಿನಲ್ಲಿ, ಅಪಾರ್ಟ್‌ಮೆಂಟಿನ ಎತ್ತರದ ಮನೆಯಲ್ಲಿ ಮಗನ ಬಳಿ ಬಂದಿದ್ದ ತಂದೆಯೋ ತಾಯಿಯೋ ತೀರಿಕೊಂಡರೆ, ಆ ಹುಡುಗರಿಗೆ ಏನೂ ತಿಳಿಯುತ್ತಿರಲಿಲ್ಲ. ಫೋನು ಬರುತ್ತಿದ್ದುದು ನಮ್ಮ ಮನೆಗೆ. ಮುತ್ಯಾ ಕರೀ ಕೋಟು ಬಿಚ್ಚಿಟ್ಟು, ಮಾಳಿಗೆಯಿಂದ ಬಿದಿರು ಇಳಿಸಿಕೊಂಡು ಹೋಗುತ್ತಿದ್ದರು. ಸುವರ್ಣನಿಗೆ ಅದು ಹಿಡಿಸುತ್ತಿರಲಿಲ್ಲ.

"ಅಪ್ಪಾ, ನೀ ಏನು ವಕೀಲನೋ, ಸ್ಮಶಾನದ ಕಾರಭಾರಿಯೋ? ಮನಿ ತುಂಬ ವಿಭೂತಿ ವಾಸನಿ."

"ಕೇಸಿಗೆ ತಾರೀಖು ಬೇಡಬಹುದು ಸುವರ್ಣಾ, ಇದಕ್ಕ ಹೆಂಗ ಬೇಡಲಿ?" ಎಂದು ಅವರು ಹಗ್ಗ ಹೆಗಲಿಗೆ ಹಾಕುತ್ತಿದ್ದರು.

ರುದ್ರಭೂಮಿ ಊರ ಆಚೆ ಇತ್ತು. ಎಷ್ಟೋ ಹಿಂದೆ, ಆ ಹಳ್ಳಿಯ ಹಿರಿಯರು ಕಾರ್ಖಾನೆಗಳಿಗೆ ಬಂದ ನಮ್ಮ ಮಂದಿಗೆ ಬಾಯಿ ಮಾತಿನ ಮೇಲೆ ಬಿಟ್ಟುಕೊಟ್ಟ ಜಾಗ. ಸಂಘದ ಹಿರಿತನ ಮುತ್ಯಾನ ಕೈಗೆ ಬಂದಾಗ ಅವರು ಅಲ್ಲಿ ಒಂದು ಕಟ್ಟಳೆ ತಂದರು. ಕಲ್ಲು ನೆಡಬಾರದು, ಗದ್ದುಗೆ ಕಟ್ಟಬಾರದು, ಹೆಸರು ಬರೆಸಬಾರದು. ಯಾರೇ ಆಗಲಿ, ಮಣ್ಣು ಸಮ ಮಾಡಿ ತಲೆಯ ಮೇಲೆ ಒಂದು ಕಣಗಿಲೆ ಗಿಡ. ಕಣಗಿಲೆಯೇ ಯಾಕೆಂದರೆ ಅದನ್ನು ಆಡು ಮುಟ್ಟುವುದಿಲ್ಲ. ಪ್ರತಿ ಗಿಡಕ್ಕೂ ಅವರೇ ಹಗ್ಗ ಎಳೆದು ಜಾಗ ಗುರುತಿಸುತ್ತಿದ್ದರು, ಕವಾಯತಿನಲ್ಲಿ ಮಂದಿ ನಿಲ್ಲಿಸಿದ ಹಾಗೆ. ನಮ್ಮ ಅತ್ತೆಯನ್ನೂ ಅಲ್ಲೇ ಕೂರಿಸಿದ್ದೆವು. ನೀರು ಹಾಕಲು ಹೋಗುತ್ತಿದ್ದವರು ಹೆಂಗಸರೇ. ಸೋಮವಾರ ಕುಷಾಯಿಗೂಡದಿಂದ ಭಾಗಮ್ಮ, ಬಾಲಾನಗರದಿಂದ ಇನ್ನೊಬ್ಬರು, ಹೀಗೆ ಕೊಡ ಹಿಡಿದು ಬಂದು, ತಮ್ಮ ತಮ್ಮ ಗಿಡದ ಹತ್ತಿರ ಕೂತು ಮನೆಯ ಸುದ್ದಿ ಹೇಳಿ ಹೋಗುತ್ತಿದ್ದರು. ಭಾಗಮ್ಮನ ಗಂಡ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದವರು. ಆಕೆ ಸೊಸೆಯ ಮೇಲಿನ ದೂರನ್ನೆಲ್ಲ ಗಿಡಕ್ಕೆ ಹೇಳುತ್ತಿದ್ದರು. ಗಿಡ ಚೆನ್ನಾಗಿ ಹೂ ಬಿಟ್ಟಿತ್ತು.

ಆಮೇಲೆ ಊರು ಬೆಳೆಯಿತು. ಗಾಜಿನ ಕಟ್ಟಡಗಳು ಬೆಳೆಯುತ್ತ ಬೆಳೆಯುತ್ತ ಆ ಜಾಗದ ಪಕ್ಕಕ್ಕೇ ಬಂದವು. ಒಬ್ಬ ಬಿಲ್ಡರ್ ಆ ಹೊಲ ತನ್ನದು, ಕೊಂಡಿದ್ದೇನೆ, ಅಲ್ಲಿ ಸಮಾಧಿಯೂ ಇಲ್ಲ ಏನೂ ಇಲ್ಲ, ಬರೀ ಪೊದೆ ಎಂದು ಕೋರ್ಟಿಗೆ ಹೋದ. ಸಂಘದ ಪರವಾಗಿ ನಿಮ್ಮ ಮುತ್ಯಾ ನಿಂತರು. ತೋರಿಸಲು ಒಂದು ಕಲ್ಲಾದರೂ ಬೇಕಿತ್ತು, ಕಲ್ಲು ಬೇಡ ಎಂದವರೇ ಅವರು. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು, ಎಣ್ಣೆಗಾಯಿ ಮಾಡಿದ್ದೆ. ಪ್ರಶಾಂತ ಮೆಲ್ಲಗೆ ಮಾತು ತೆಗೆದ.

"ಮಾವ, ತಪ್ಪು ತಿಳ್ಕೋಬೇಡಿ. ಒಂದೊಂದು ಕಲ್ಲು ನೆಟ್ಟು ಹೆಸರು ಬರೆಸಿದ್ದಿದ್ರೆ ಈ ಪೇಚಾಟ ಇರ್ತಿರ್ಲಿಲ್ಲ ಅಲ್ವಾ?"

"ಕಲ್ಲು ಬಂತಂದ್ರ ಸಣ್ಣ ಕಲ್ಲು ಬರ್ತೈತಿ, ದೊಡ್ಡ ಕಲ್ಲು ಬರ್ತೈತಿ, ಆಮ್ಯಾಲ ಹಾಲುಗಲ್ಲು ಬರ್ತೈತಿ. ದಂಡಿನ್ಯಾಗ ಸತ್ತವರನ್ನ ನಾ ಒಂದೇ ಸಾಲಿನ್ಯಾಗ ನೋಡೀನಿ."

"ಇದು ದಂಡಲ್ಲಪ್ಪಾ, ಹೈದರಾಬಾದ," ಎಂದಳು ಸುವರ್ಣ. "ಇಲ್ಲಿ ಬೋರ್ಡ್ ಇಲ್ಲಂದ್ರ ಅಂಗಡೀನೂ ಇಲ್ಲ. ಸಂಘದಾಗ ಮಂದಿ ಏನಂತಾರ ಗೊತ್ತೈತೇನು? ಸುಬೇದಾರರ ಕಟ್ಟಳಿ ಬಿಲ್ಡರಗ ಚಲೋ ಆತು ಅಂತಾರ."

ಅವರು ತಟ್ಟೆಯಲ್ಲಿ ರೊಟ್ಟಿ ಬಿಟ್ಟು ಕೈ ತೊಳೆದರು. ದಂಡಿನಲ್ಲಿ ಉಪವಾಸ ಕಂಡವರು ಅವರು, ಅನ್ನ ಬಿಟ್ಟಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಆ ಮಧ್ಯಾಹ್ನ ಅವರು ಟ್ರಂಕಿನ ಮೇಲೆ ಕೂತೇ ಇದ್ದರು. ಕಾರ್ತಿಕ ಅವರ ತೊಡೆಯೇರಿ ನಿದ್ದೆ ಹೋದ. ಎಷ್ಟು ಜನ ತಮ್ಮವರನ್ನು ಅವರ ಮಾತಿನ ಮೇಲೆ ನಂಬಿ ಅಲ್ಲಿ ಗುರುತಿಲ್ಲದೆ ಕೂರಿಸಿದ್ದರು ಎಂಬುದೇ ಅವರ ಮುಖದ ಮೇಲಿತ್ತು.

ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಎಂದು ನೇಮಿಸಿತು. ಅವರು ಜಾಗಕ್ಕೆ ಬಂದು, ಕಂಡದ್ದು ಕೇಳಿದ್ದು ಬರೆದುಕೊಂಡು ವರದಿ ಕೊಡಬೇಕು. ಅವರು ಬರುವ ಹಿಂದಿನ ದಿನ ಬೆಳಿಗ್ಗೆ ಮುತ್ಯಾ ಹೊಸ್ತಿಲ ಮೇಲೆ ನಿಂತು ನನಗೆ ಕೇಸು ಹೇಳಿದರು.

"ನೀರು ಹಾಕೋ ಹೆಣ್ಮಕ್ಕಳೆಲ್ಲ ತಮ್ಮ ತಮ್ಮ ಗಿಡದ ಮುಂದ ನಿಲ್ತಾರ. ಕಮಿಷನರ್ ಕೇಳ್ತಾರ, ಇಲ್ಲಿ ಯಾರದಾರ ಅಂತ. ಇವರು ಹೆಸರು ಹೇಳ್ತಾರ. ಮುಗೀತು."

ನನ್ನ ಕೈ ನಿಂತಿತು.

"ಈಗೇನಾತು?"

"ಹೆಣ್ಮಕ್ಕಳು ಹೆಸರು ಹೇಳ್ತಾರೇನ್ರಿ?"

"ಕೋರ್ಟ್ ಕೇಳಿದ್ರ ಹೇಳಾಕಬೇಕು."

ನನ್ನ ಕೈ ರೊಟ್ಟಿಗೆ ಮರಳಲಿಲ್ಲ. ಅವರು ನಕ್ಕು, "ಎಲ್ಲಾರೂ ನಿನ್ನಂಗ ಇರ್ತಾರೇನು," ಎಂದು ಹೊರಟುಬಿಟ್ಟರು. ನನ್ನ ಕೈ ನಿಂತದ್ದನ್ನು ಅವರು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಅದೊಂದೇ ಸಲ ಇರಬೇಕು.

ಕಮಿಷನರ್ ಬಂದ ಆ ದಿನ ಈಗಲೂ ನನಗೆ ನಡೆದದ್ದರ ಹಾಗೆ ಕಾಣುವುದಿಲ್ಲ, ಕನಸಿನಲ್ಲಿ ಕಂಡದ್ದರ ಹಾಗೆ ಕಾಣುತ್ತದೆ. ಪಕ್ಕದ ಕಟ್ಟಡದ ಗಾಜಿನಲ್ಲಿ ಆಕಾಶ ಇತ್ತು, ಮೋಡ ಇತ್ತು, ಅದರ ಕೆಳಗೆ ನಮ್ಮ ಕಣಗಿಲೆಯ ಸಾಲು, ಸೆರಗು ಹೊದ್ದ ನಾವು. ಗಾಜಿನೊಳಗೆ ಇನ್ನೊಂದು ರುದ್ರಭೂಮಿ ಇದ್ದು, ಅಲ್ಲಿಯ ಹೆಂಗಸರು ನಮ್ಮನ್ನು ನೋಡುತ್ತಿದ್ದಾರೆ ಎನಿಸುತ್ತಿತ್ತು. ನಿಮ್ಮಿಬ್ಬರನ್ನು ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ. ಕಾರ್ತಿಕ ನನ್ನ ಕಂಕುಳಲ್ಲಿ, ಪಲ್ಲವಿ ನನ್ನ ಸೆರಗು ಹಿಡಿದು. ಕಮಿಷನರ್ ಚಿಕ್ಕ ವಯಸ್ಸಿನ ತೆಲುಗಿನವರು. ಅವರ ಗುಮಾಸ್ತ ರಾಯಚೂರಿನ ಕಡೆಯವರು, ಕನ್ನಡ ಬಲ್ಲವರು. ಬಿಲ್ಡರನ ವಕೀಲರು ನಗುಮುಖದ ಮನುಷ್ಯ, ಎಲ್ಲರಿಗೂ ನಮಸ್ಕಾರ ಮಾಡಿದರು. ಸಾಲಿನ ಮೊದಲಿಗೆ ಭಾಗಮ್ಮ ನಿಂತಿದ್ದರು. ಗುಮಾಸ್ತರು ಕೇಳಿದರು.

"ಇಲ್ಲಿ ಯಾರದಾರಮ್ಮಾ?"

"ನಮ್ಮ ಮನಿಯವರ್ರಿ."

"ಹೆಸರು?"

ಭಾಗಮ್ಮ ಸೆರಗನ್ನು ಬಾಯಿಗೆ ತಂದುಕೊಂಡರು. "ನಮ್ಮ ಶಂಕರನ ಅಪ್ಪರಿ."

"ಹಂಗ ಬರೀಲಿಕ್ಕೆ ಬರಂಗಿಲ್ಲಮ್ಮಾ. ಹೆಸರು ಬೇಕು."

"ಎಲ್ಲಾರಿಗೂ ಗೊತ್ತೈತಲ್ರಿ."

ಎರಡನೆಯವರು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇದ್ದರಲ್ಲ, ಅವರು ಎಂದರು. ಮೂರನೆಯವರು ಬಹಳ ಯೋಚಿಸಿ, "ನಂದಿ ಮ್ಯಾಲ ಕೂಡ್ತಾನಲ್ರಿ, ಆ ದೇವರ ಹೆಸರು" ಎಂದರು.

"ಶಿವಪ್ಪನೋ, ಈಶ್ವರಪ್ಪನೋ, ಶಂಕ್ರಪ್ಪನೋ? ಯಾವ್ದಂತ ಬರೀಲಿ ತಾಯಿ?" ಎಂದು ಗುಮಾಸ್ತರು ಪೆನ್ನು ಎತ್ತಿದರು.

ಎದುರಿನ ವಕೀಲರು ನಕ್ಕರು. "ಅಂದರ್ ಕೌನ್ ಹೈ, ಇನೋಕೋಚ್ ನೈ ಮಾಲೂಮ್ ಸಾಬ್." ಒಳಗೆ ಯಾರಿದ್ದಾರೆ ಎಂದು ಇವರಿಗೇ ಗೊತ್ತಿಲ್ಲ ಎಂದರು. ಮುತ್ಯಾ ಮುಂದೆ ಬಂದು, ಎಲ್ಲರ ಹೆಸರನ್ನೂ ನಾನು ಹೇಳುತ್ತೇನೆ ಎಂದರು. ಕೇಸಿನ ವಕೀಲರೇ ಸಾಕ್ಷಿ ಹೇಳುವಂತಿಲ್ಲ ಎಂದು ಎದುರಿನವರು ಅವರನ್ನು ತಡೆದರು. ಅದು ಸರಿಯಾದ ಮಾತೇ, ಅವರಿಗೂ ಗೊತ್ತಿತ್ತು. ಅವರು ದಂಡಿನವರ ಹಾಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೆಟ್ಟಗೆ ನಿಂತರು. ಮುಂದಿದ್ದವರಿಗೆ ಅವರ ಮುಖವಷ್ಟೇ ಕಾಣುತ್ತಿತ್ತು. ನನಗೆ ಬೆನ್ನ ಹಿಂದಿನ ಬೆರಳುಗಳು ಕಾಣುತ್ತಿದ್ದವು. ಒಂದನ್ನೊಂದು ಹಿಂಡುತ್ತಿದ್ದವು.

ನನ್ನ ಪಾಳಿ ಬಂತು.

"ಇಲ್ಲಿ?"

"ನಮ್ಮ ಅತ್ತಿಯವರ್ರಿ."

"ಅವರ ಹೆಸರು?"

ನಾನು ತಲೆ ಅಲ್ಲಾಡಿಸಿದೆ. ಗುಮಾಸ್ತರಿಗೂ ಸಾಕಾಗಿತ್ತು. "ಯಾರ ತಾಯಿ ಅಂತನಾದ್ರೂ ಹೇಳ್ರಮ್ಮಾ. ನಿಮ್ಮ ಯಜಮಾನರ ಹೆಸರೇನು?"

ಪಲ್ಲವಿ, ನೀನು ಟ್ರಂಕಿನ ಮೇಲಿನ ಹೆಸರು ಹೇಳಲು ಬಾಯಿ ತೆರೆದೆ. ನಾನು ನಿನ್ನ ಬಾಯಿಗೆ ಕೈ ಅಡ್ಡ ಇಟ್ಟೆ. ಕಾಲ ಕೆಳಗಿನ ಮಣ್ಣು ನೋಡಿದೆ. ನನ್ನನ್ನು ಹೊಸ್ತಿಲಲ್ಲಿ ಉಳಿಸಿದ ಅತ್ತೆ ಅಲ್ಲಿ ಕೂತಿದ್ದರು. ಇನ್ನು ಅವರು ಎದ್ದು ಬಂದು, ಕೇಳಿಸ್ತು ಬಿಡ್ರಿ ಎನ್ನುವಂತಿರಲಿಲ್ಲ. ಯಾವುದೋ ಹೊಸ್ತಿಲಲ್ಲಿ ಮತ್ತೆ ನಿಂತ ಹಾಗಾಯಿತು. ಕಣ್ಣು ಮುಚ್ಚಿ, ಮದುವೆಯ ದಿನದ ಒಡಪನ್ನೇ, ಅದೇ ಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ, ಮುಂದೆ ನೋಡೋಣ.

ಆಮೇಲೆ ಸಾಲಿನ ಆ ತುದಿಯಿಂದ ಭಾಗಮ್ಮನ ದನಿ ಬಂತು.

"ಏ ನೀಲವ್ವಾ, ಒಡಪಿನ್ಯಾಗ ಹೇಳಬಹುದೇನ? ಮೊದಲ ಹೇಳಬಾರದಾ? ನಮ್ಮಂಥವರನ್ನ ಒಡಪು ಕೇಳಿ ಯಾವ ಕಾಲಾತು." ಆಕೆ ಸೆರಗು ಬಾಯಿಂದ ತೆಗೆದರು. "ಸಾಹೇಬ್ರ, ನನ್ನ ಕಡಿಂದ ಮತ್ತ ಬರ್ರಿ."

ಗುಮಾಸ್ತರು ಹಿಂದಕ್ಕೆ ನಡೆದರು. ಭಾಗಮ್ಮ ಗಿಡದ ಮೇಲೆ ಕೈಯಿಟ್ಟು ಹೇಳಿದರು:

"ಸಂತ್ಯಾಗ ತಂದ ಬಳಿ ಕೈತುಂಬ ಒಪ್ಪ,
ಸಿಟ್ಟಿನ್ಯಾಗೂ ಮಾತು ಸಕ್ಕರಿ ತುಪ್ಪ,
ನಮ್ಮ ಮನಿ ದೀಪ ಮಲ್ಲಪ್ಪ."

ಬಳೆಯಿಲ್ಲದ ಕೈ ಗಿಡದ ಮೇಲೆ ಹಾಗೇ ಇತ್ತು. ಎರಡನೆಯವರು ತಮ್ಮದನ್ನು ಅರ್ಧಕ್ಕೆ ಮರೆತರು. ಪಕ್ಕದವರು, "ಕರಿಯ ಮೋಡ ಅಂತಿದ್ದಿ ಅಲ್ಲೇನ, ನಿನ್ನ ಸೀಮಂತದಾಗ ನಾ ಕೇಳೀನಿ" ಎಂದು ನೆನಪು ಮಾಡಿಕೊಟ್ಟರು. ಎಲ್ಲರೂ ನಕ್ಕರು. ರುದ್ರಭೂಮಿಯಲ್ಲಿ ಹೆಂಗಸರು ನಕ್ಕದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ. ಹೀಗೆ ಸಾಲು ಹಿಡಿದು, ಮದುವೆಯ ದಿನದ ಮಾತುಗಳು ಗಿಡದಿಂದ ಗಿಡಕ್ಕೆ ಬಂದವು. ಹೊಳೆ, ಬಳೆ, ಮಲ್ಲಿಗೆ, ಬೆಲ್ಲ, ಪ್ರತಿಯೊಂದರ ಕೊನೆಗೂ ಒಬ್ಬ ಗಂಡಸಿನ ಹೆಸರು. ಹೇಳುವಾಗ ಆ ಮುದುಕಿಯರ ಮುಖ ಹೊಸ್ತಿಲಲ್ಲಿ ನಿಂತ ಹುಡುಗಿಯರದೇ ಆಗಿತ್ತು. ಗುಮಾಸ್ತರು ಮೊದಲು ಬರೀ ಹೆಸರು ಬರೆದರು, ಆಮೇಲೆ ಪೆನ್ನು ನಿಲ್ಲಿಸಿ ಕೇಳುತ್ತ, ನಡುನಡುವೆ ಕಮಿಷನರಿಗೆ ತೆಲುಗಿನಲ್ಲಿ ಅರ್ಥ ಹೇಳುತ್ತ ಬಂದರು.

"ಶಾದೀ ಹೈ ಕ್ಯಾ ಯಹಾಂ?" ಎಂದರು ಎದುರಿನ ವಕೀಲರು, ಇಲ್ಲೇನು ಮದುವೆಯೇ ಎಂದು.

"ಹೌದಪ್ಪಾ," ಎಂದರು ಭಾಗಮ್ಮ. "ನೀನೂ ಒಂದು ಹೇಳು. ನಿನ್ನ ಹೇಣ್ತಿ ಹೆಸರೇನು?"

ಆ ಮನುಷ್ಯ ನಾಚಿಕೊಂಡು ಕಡತ ತಿರುವಿದರು. ಕಮಿಷನರ್ ಸಾಲಿನ ತುದಿಗೆ ಹೋಗಿ, ಬಗ್ಗಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಗಿಡಗಳು ಹಗ್ಗ ಎಳೆದ ಹಾಗೆ ನಿಂತಿದ್ದವು. ಆಗ ಮುತ್ಯಾ ಆಡಿದ್ದು ಒಂದೇ ಮಾತು, "ಪೊದೆ ಸಾಲು ಹಿಡಿದು ಬೆಳೆಯುತ್ತದೆಯೇ?"

ವರದಿ ಕೋರ್ಟಿಗೆ ಹೋಯಿತು. ತೀರ್ಪು ಬರಲು ಬಹಳ ಕಾಲ ಹಿಡಿಯಿತು, ಆದರೆ ಆ ಜಾಗ ಉಳಿಯಿತು. ಸುತ್ತ ಒಂದು ಗೋಡೆ ಬಂತು. ಗಾಜಿನ ಕಟ್ಟಡ ಗೋಡೆಯ ಆಚೆಗೇ ನಿಂತಿದೆ. ಕಲ್ಲು ಮಾತ್ರ ಇವತ್ತಿಗೂ ಇಲ್ಲ. ಸುವರ್ಣ ಅದರ ಬಗ್ಗೆ ಮತ್ತೆ ಏನೂ ಅನ್ನಲಿಲ್ಲ. ಮುಂದಿನ ಸಲ ಫೋನು ಬಂದಾಗ ಬಿದಿರಿನ ಇನ್ನೊಂದು ತುದಿ ಹಿಡಿದು ಮಾಳಿಗೆಯಿಂದ ಇಳಿಸಿಕೊಟ್ಟಳು.

ಆ ದಿನ ಮನೆಗೆ ಬಂದು ನಾನು ಒಲೆ ಹಚ್ಚಿದೆ. ಮುತ್ಯಾ ಹೊಸ್ತಿಲಿಗೆ ಬಂದು ನಿಂತರು.

"ಅಲ್ಲಿ ಏನಂದಿ?"

"ಕೇಳಿಲ್ಲೇನು?"

"ನೀ ನಿಂತದ್ದು ನನ್ನ ಎಡಗಿವಿ ಕಡಿ. ಎಲ್ಲಾರೂ ಕೇಳ್ಯಾರ, ನಾ ಒಬ್ಬನ ಕೇಳಿಲ್ಲ. ಇನ್ನೊಮ್ಮೆ ಹೇಳು."

"ಹೋಗ್ರಿ ಅತ್ತ," ಎಂದೆ.

ಅವರಿಗೆ ನಿಜವಾಗಿ ಕೇಳಿಸಿರಲಿಲ್ಲವೋ, ನನ್ನನ್ನು ಕಾಡಲು ಹಾಗೆ ಅನ್ನುತ್ತಿದ್ದರೋ, ನನಗೆ ಕೊನೆಗೂ ಗೊತ್ತಾಗಲಿಲ್ಲ. ಆಮೇಲಿನ ವರ್ಷಗಳಲ್ಲೆಲ್ಲ ಕೇಳುತ್ತಲೇ ಇದ್ದರು. ಪಂಚಮಿಯ ದಿನ ನಿಮಗೆ ಜೋಕಾಲಿ ಕಟ್ಟುವಾಗ, ನಲ್ಲಿಯ ಕಟ್ಟೆಯ ಮೇಲೆ ನಾನು ಪಾತ್ರೆ ತಿಕ್ಕುವಾಗ, ಬಲಗಿವಿಯನ್ನು ಹತ್ತಿರ ತಂದು "ಒಂದು ಸಲ" ಎನ್ನುತ್ತಿದ್ದರು. ನಾನು ನಕ್ಕು ತಳ್ಳುತ್ತಿದ್ದೆ. ಒಂದು ಮಾತ್ರ ಬದಲಾಯಿತು. ಕೇಸು ಹೇಳುವಾಗ ನನ್ನ ಕೈ ನಿಂತರೆ, ನಾನು ಬಾಯಿ ಬಿಡುವವರೆಗೂ ಅವರು ಹೊಸ್ತಿಲು ಬಿಡುತ್ತಿರಲಿಲ್ಲ. ನಾನೂ ಬಾಯಿ ಬಿಡುತ್ತಿದ್ದೆ. ಮನೆಗೆ ಬರುವ ಹೆಂಗಸರು ಮುಂದಿನ ಕೋಣೆಯ ಬೆಂಚಿನ ಮೇಲೆ ಕೂರದೆ ನೇರ ಒಲೆಯ ಹತ್ತಿರ ಬಂದು ಕೂರಲು ತೊಡಗಿದರು. ನನಗೆ ಮಾತು ಬಂದದ್ದು ಆ ಮನೆಯಲ್ಲಿ, ನಿಮಗೆ ಮಾತು ಬಂದ ವರ್ಷಗಳಲ್ಲೇ.

ಅವರು ಹೋದದ್ದು ಬೆಳಿಗ್ಗೆ, ಮುಂದಿನ ಕೋಣೆಯಲ್ಲಿ, ಕುರ್ಚಿಯ ಮೇಲೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಇನ್ನೇನು ಬಂದು ಹೊಸ್ತಿಲಲ್ಲಿ ನಿಲ್ಲುತ್ತಾರೆ ಎಂದುಕೊಂಡೇ ಬಡಿದೆ. ಬುಟ್ಟಿ ತುಂಬಿತು, ಅವರು ಬರಲಿಲ್ಲ. ಆಮೇಲಿನದು ನಿಮಗೂ ಗೊತ್ತು, ನೀವು ಆಗ ದೊಡ್ಡವರು. ಹಳೆಯ ದಂಡಿನವರು ಬಂದು ಸೆಲ್ಯೂಟ್ ಹೊಡೆದರು. ಅವರಿಂದ ಬಿದಿರು ಕಟ್ಟುವುದನ್ನು ಕಲಿತಿದ್ದ ಹುಡುಗರೇ ಅವರಿಗೂ ಕಟ್ಟಿದರು. ನೀವು ಚಿಕ್ಕಂದಿನಲ್ಲಿ ರಾಜ ರಾಣಿ ಆಡಿದ ಮಣೆಯ ಮೇಲೆಯೇ ಅವರು ಕೂತು ಹೋದರು. ಅತ್ತೆಯ ಸಾಲಿನಲ್ಲಿ, ಭಾಗಮ್ಮನನ್ನು ಕೂರಿಸಿದ್ದ ಜಾಗ ದಾಟಿ, ಪಲ್ಲವಿ ಒಂದು ತುದಿ, ಕಾರ್ತಿಕ ಇನ್ನೊಂದು ತುದಿ ಹಿಡಿದು ಹಗ್ಗ ಎಳೆದಿರಿ. ಕಣಗಿಲೆ ಸರಿಯಾಗಿ ಸಾಲಿಗೆ ಬಂತು.

ಎಲ್ಲರೂ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದಿರಿ. ನಾನು ಹಿಂದೆ ಉಳಿದದ್ದನ್ನು ನೀವು ನೋಡಿದಿರಿ, ಅಳಲು ಉಳಿದಳು ಎಂದುಕೊಂಡಿರಿ. ನಮ್ಮಲ್ಲಿ ಸತ್ತವರನ್ನು ಕೂರಿಸುತ್ತೇವೆ, ಆದ್ದರಿಂದ ಅವರಿಗೆ ಬಲ ಯಾವುದು, ಎಡ ಯಾವುದು ಎಂದು ಮಣ್ಣು ಮುಚ್ಚಿದ ಮೇಲೂ ಗೊತ್ತಿರುತ್ತದೆ. ನಾನು ಸುತ್ತಿ ಬಂದು ಅವರ ಬಲಗಡೆ ಕೂತೆ. ಗಾಜಿನಲ್ಲಿ ಸಂಜೆಯ ಬಿಸಿಲಿತ್ತು. ಗಿಡದ ಬುಡಕ್ಕೆ ಬಗ್ಗಿ, ಅವಸರವಿಲ್ಲದೆ, ಅವರಿಗೆ ಕೇಳುವಂತೆ ಹೇಳಿದೆ. ಸಂಘದ ಸಭೆಯಲ್ಲಿ ನಾನು ಹೇಳದೆ ಕೂತ ಎರಡು ಮಾತೂ ಅದೇ. ನೀವು ಅಲ್ಲಿಗೆ ನೀರು ಹಾಕಲು ಹೋದಾಗ ಬಲಗಡೆ ನಿಂತು ಇದನ್ನು ಜೋರಾಗಿ ಓದಿ.

ಹೊಳಿದಂಡಿ ಜ್ವಾಳಕ್ಕ ಮುತ್ತಿನ ಬಣ್ಣ,
ಹೊಸ್ತಿಲ ಬಿಡ್ರವ್ವಾ, ಕಾಲಾಗ ಮಣ್ಣ,
ಕೈಹಿಡಿದು ಒಳಗ ಕರಕೊಂಡಾರ ಈರಣ್ಣ.